ಗಂಗಾವತಿ ಟೂರ್ನಮೆಂಟಿಗೆ ನಾನು ಯಾಕೆ ಹೋಗಲಿಲ್ಲ

ಯಾಕೆ ಬರಲಿಲ್ಲ ಅಂತ ಇನ್ನೂ ಫೋನ್ ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಇಲ್ಲಿ ಒಂದೇ ಸಲ ಬರೆದುಬಿಡುತ್ತೇನೆ. ಟೂರ್ನಮೆಂಟ್ ಶುರುವಾಗಲು ನಾಲ್ಕು ದಿನ ಇದ್ದಾಗ ನನ್ನ ಅವ್ವ ತೀರಿಕೊಂಡಳು.

ಗೊತ್ತಿಲ್ಲದವರಿಗೆ ಹೇಳಬೇಕು, ನಾನು ಟೆನಿಸ್ ಬಾಲ್ ಕ್ರಿಕೆಟ್‌ನ ಬೌಲರ್. ದುಡ್ಡಿಗೆ ಆಡುವವನು. ಸಿರುಗುಪ್ಪ, ಹೊಸಪೇಟೆ, ಗಂಗಾವತಿ, ಸಿಂಧನೂರು, ಎಲ್ಲೇ ಟೂರ್ನಮೆಂಟ್ ಇದ್ದರೂ ಯಾವುದಾದರೂ ಟೀಮಿನವರು ಕರೆಯುತ್ತಾರೆ, ಇಷ್ಟು ಅಂತ ಮಾತಾಗುತ್ತದೆ, ಬಳ್ಳಾರಿಯಿಂದ ಬೈಕ್ ಹತ್ತಿ ಹೋಗುತ್ತೇನೆ. ಎಂಟು ಓವರಿನ ಮ್ಯಾಚು, ನನಗೆ ಎರಡು ಓವರು. ಆ ಹನ್ನೆರಡು ಬಾಲಿನ ಮೇಲೆ ನಮ್ಮ ಮನೆ ಬಾಡಿಗೆ ನಿಂತಿದೆ.

ಅವ್ವ ಜೀನ್ಸ್ ಯೂನಿಟ್‌ನಲ್ಲಿ ದಾರ ಕತ್ತರಿಸುತ್ತಿದ್ದಳು. ಬಳ್ಳಾರಿಯ ಪ್ಯಾಂಟು ಎಷ್ಟೋ ಊರಿಗೆ ಹೋಗುತ್ತವೆ, ಹೊಲಿದ ಮೇಲೆ ಉಳಿಯುವ ದಾರದ ತುದಿಗಳನ್ನು ಕೂತು ಕತ್ತರಿಸುವವರ ಬಗ್ಗೆ ಹಾಕಿಕೊಳ್ಳುವವರಿಗೆ ಏನು ಗೊತ್ತಿರುತ್ತದೆ. ಪೀಸಿಗೆ ಇಷ್ಟು ಅಂತ ಕೂಲಿ. ಊಟಕ್ಕೆ ಕೂತಾಗಲೂ ಬೆರಳ ತುದಿ ನೀಲಿಯಾಗೇ ಇರುತ್ತಿತ್ತು. ನನ್ನ ಒಂದು ಮ್ಯಾಚೂ ಅವಳು ನೋಡಿಲ್ಲ. ಗೆದ್ದಿರಾ ಸೋತಿರಾ ಅಂತ ಯಾವತ್ತೂ ಕೇಳಿದವಳಲ್ಲ. ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಒಂದೇ ಮಾತು, "ಭುಜ ನೋಯಾಕತ್ತೈತೇನು?" ಆಮೇಲೆ ಎಣ್ಣೆ ಬಿಸಿ ಮಾಡುತ್ತಿದ್ದಳು.

ಮಣ್ಣು ಕೊಟ್ಟು ಬಂದ ಮರುದಿನ ಟೀಮಿನವರ ಫೋನ್ ಬಂತು. ಕೆಟ್ಟದಾಗೇನೂ ಮಾತಾಡಲಿಲ್ಲ, ಅದನ್ನು ಹೇಳಲೇಬೇಕು. "ಫೈನಲ್‌ಗಾದ್ರೂ ಬಾ ತಮ್ಮಾ, ಮನಸ್ಸಿಗೂ ಹಗುರ ಆಗ್ತೈತಿ" ಅಂದರು. ಅಡ್ವಾನ್ಸ್ ಐದು ಸಾವಿರ ತಗೊಂಡಿದ್ದೆ, ಅದು ಆಸ್ಪತ್ರೆಗೇ ಖರ್ಚಾಗಿತ್ತು. ಸಾಲ ಮಾಡಿ ವಾಪಸ್ ಕಳಿಸಿದೆ.

ಅವತ್ತು ಸಂಜೆಯಿಂದ ವಾಟ್ಸಾಪ್‌ನಲ್ಲಿ ಕತೆಗಳು ಬರತೊಡಗಿದವು. 2006ರ ಡಿಸೆಂಬರ್‌ನಲ್ಲಿ ಅಪ್ಪ ತೀರಿಕೊಂಡ ದಿನವೇ ಕೊಹ್ಲಿ ಮೈದಾನಕ್ಕೆ ಬಂದು ಹಿಂದಿನ ದಿನದ ಇನ್ನಿಂಗ್ಸ್ ಮುಂದುವರಿಸಿ 90 ರನ್ ಮುಟ್ಟಿಸಿದ, ಅದೂ ನಮ್ಮ ಕರ್ನಾಟಕದ ಮೇಲೆ. 1999ರ ವಿಶ್ವಕಪ್‌ನಲ್ಲಿ ಸಚಿನ್ ಅಪ್ಪನ ಅಂತ್ಯಕ್ರಿಯೆ ಮುಗಿಸಿ ಇಂಗ್ಲೆಂಡಿಗೆ ವಾಪಸ್ ಹೋಗಿ ಕೀನ್ಯಾ ಮೇಲೆ 140 ಹೊಡೆದ. ಎಲ್ಲ ನಿಜ. ಆದರೆ ಅವರಿಬ್ಬರೂ ಬ್ಯಾಟ್ ಮಾಡುವವರು. ಮನಸ್ಸು ಎಲ್ಲೋ ಹೋದರೆ ಬ್ಯಾಟ್ಸ್‌ಮನ್ ಒಂದು ಬಾಲಿಗೆ ಔಟಾಗಿ ಬಂದು ಕೂತುಕೊಳ್ಳಬಹುದು. ಬೌಲರ್ ಹಾಗಲ್ಲ, ಓವರ್ ಶುರು ಮಾಡಿದ ಮೇಲೆ ಆರು ಬಾಲು ಮುಗಿಸಲೇಬೇಕು, ಪ್ರತಿ ಬಾಲಿಗೂ ಅಷ್ಟು ದೂರ ಒಬ್ಬನೇ ನಡೆದು ಹೋಗಿ ತಿರುಗಿ ಓಡಿ ಬರಬೇಕು. ಆ ನಡೆಯುವ ಹೊತ್ತಿನಲ್ಲಿ ತಲೆಯಲ್ಲಿ ಏನು ಬರುತ್ತದೆ ಅನ್ನೋದು ನಮಗಷ್ಟೇ ಗೊತ್ತು.

ಇಂಡಿಯಾದ ಬೌಲರ್ ಸಿರಾಜ್ ಕತೆ ಕಳಿಸಿದವರು ಜಾಸ್ತಿ. 2020ರ ನವೆಂಬರ್‌ನಲ್ಲಿ ಹೈದರಾಬಾದಿನಲ್ಲಿ ಆಟೋ ಓಡಿಸುತ್ತಿದ್ದ ಅಪ್ಪ ಹೋದಾಗ ಅವನು ಸಿಡ್ನಿಯಲ್ಲಿ ಕ್ವಾರಂಟೈನ್‌ನಲ್ಲಿದ್ದ. ಊರಿಗೆ ಹೋಗಬಹುದು ಅಂತ ಕ್ರಿಕೆಟ್ ಬೋರ್ಡ್ ಹೇಳಿತ್ತು. ಅವನು ಉಳಿದ, ಮೂರು ಟೆಸ್ಟ್‌ನಲ್ಲಿ 13 ವಿಕೆಟ್ ತೆಗೆದ, ಬ್ರಿಸ್ಬೇನ್‌ನಲ್ಲಿ ಒಂದೇ ಇನ್ನಿಂಗ್ಸ್‌ನಲ್ಲಿ ಐದು. ನನಗೆ ಅವನು ದೇವರಿದ್ದ ಹಾಗೆ. ಆದರೆ ಆ ಕತೆಯ ಎರಡು ತುಂಡು ಯಾರೂ ಕಳಿಸಲಿಲ್ಲ. ಅಲ್ಲೇ ಇದ್ದು ಅಪ್ಪನ ಆಸೆ ಪೂರೈಸು ಅಂತ ಹೇಳಿದ್ದು ಅವನ ತಾಯಿ. ವಾಪಸ್ ಬಂದ ದಿನ ಏರ್‌ಪೋರ್ಟಿನಿಂದ ನೇರ ಹೋಗಿದ್ದು ಅಪ್ಪನ ಸಮಾಧಿಗೆ. ನನಗೆ ಹೋಗು ಅನ್ನಬೇಕಾದವಳೇ ಹೋಗಿಬಿಟ್ಟಿದ್ದಳು.

ಕಮಿನ್ಸ್ ಹೆಸರು ಒಬ್ಬರೂ ಎತ್ತಲಿಲ್ಲ, ಅವನೂ ಬೌಲರೇ. 2023ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಕ್ಯಾಪ್ಟನ್ ಆಗಿದ್ದವನು ಡೆಲ್ಲಿ ಟೆಸ್ಟ್ ಮುಗಿದ ಮೇಲೆ, ಕಾಯಿಲೆ ಜೋರಾಗಿದ್ದ ತಾಯಿಯ ಹತ್ತಿರ ಹೊರಟುಹೋದ. ಇಂದೋರ್ ಟೆಸ್ಟ್ ಬಿಟ್ಟ, ಅಹಮದಾಬಾದ್ ಟೆಸ್ಟ್ ಬಿಟ್ಟ. ಮಾರ್ಚ್ 10ಕ್ಕೆ ತಾಯಿ ತೀರಿಕೊಂಡಾಗ ಅವನ ಟೀಮಿನವರು ಅಹಮದಾಬಾದ್‌ನಲ್ಲಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಆಡಿದರು. ಆಮೇಲಿನ ಒನ್‌ಡೇಗಳಿಗೂ ಬರಲಿಲ್ಲ. ಅದೇ ವರ್ಷ ನವೆಂಬರ್ 19ಕ್ಕೆ ಅಹಮದಾಬಾದಿನ ಅದೇ ಮೈದಾನದಲ್ಲಿ ವಿಶ್ವಕಪ್ ಫೈನಲ್‌ನಲ್ಲಿ ಕೊಹ್ಲಿಯನ್ನು ಬೌಲ್ಡ್ ಮಾಡಿದ, ಕಪ್ ಎತ್ತಿದ. ಅವತ್ತು ನಾವೆಲ್ಲ ಅವನಿಗೆ ಬೈದಿದ್ದೆವು, ಅಲ್ವಾ? ಈಗ ರಾತ್ರಿ ನಿದ್ದೆ ಬರದಿದ್ದಾಗ ಅವನದೇ ನೆನಪು. ತಾಯಿ ಉಸಿರಾಡುತ್ತಿರುವಾಗಲೇ ಅವನು ಹೋಗಿದ್ದ. ಅವ್ವ ಹೋದ ದಿನ ನಾನು ಸಿಂಧನೂರಿನಲ್ಲಿ ಆಡುತ್ತಿದ್ದೆ.

ಇದನ್ನು ಬರೆಯೋದು ಕಷ್ಟ. ಬೈಕ್ ಎಷ್ಟು ಓಡಿಸಿದರೂ ಮನೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬಾಗಿಲ ಮುಂದೆ ನಿಂತ ಜನ ನೋಡಿಯೇ ಗೊತ್ತಾಯಿತು.

ಫೈನಲ್ ರಾತ್ರಿ ಮಾಳಿಗೆ ಮೇಲೆ ಕೂತು ಫೋನಿನಲ್ಲಿ ಸೌಂಡ್ ಇಲ್ಲದೆ ಲೈವ್ ನೋಡಿದೆ. ನೋಡಬಾರದಿತ್ತೇನೋ. ನನ್ನ ಬದಲು ಬಂದ ಹುಡುಗ ನನ್ನ ಜರ್ಸಿಯನ್ನೇ ಹಾಕಿಕೊಂಡಿದ್ದ, ಹಿಂದೆ ನನ್ನ ಹೆಸರು. ಒಳ್ಳೇ ಹುಡುಗ, ಎರಡು ಓವರಿಗೆ ಹನ್ನೊಂದೇ ರನ್ ಕೊಟ್ಟ. ಪರದೆ ಮೇಲೆ ನನ್ನ ಹೆಸರಿನ ಬೆನ್ನು ಓಡಿ ಓಡಿ ಬರುತ್ತಿತ್ತು, ನಾನು ಇಲ್ಲಿ ಕೂತಿದ್ದೆ. ತಂಗಿ ಮೇಲೆ ಬಂದಳು, ನೋಡಿದಳು, ಏನೂ ಅನ್ನದೆ ಪಕ್ಕದಲ್ಲಿ ಕೂತಳು. ಅವಳೊಬ್ಬಳನ್ನೇ ಮನೆಯಲ್ಲಿ ಬಿಟ್ಟು ಹೇಗೆ ಹೋಗಲಿ ಹೇಳಿ.

ಅವ್ವನ ದಿನಕರ್ಮ ಮುಗಿದ ಮೇಲೆ ಒಂದು ಬೆಳಿಗ್ಗೆ ಗ್ರೌಂಡಿಗೆ ಹೋದೆ. ಹದಿಮೂರು ಹೆಜ್ಜೆಯ ರನ್‌ಅಪ್ ನನ್ನದು, ಎಣಿಸಬೇಕಾಗೇ ಇರಲಿಲ್ಲ ಯಾವತ್ತೂ. ಅವತ್ತು ಸುಮ್ನೆ ಕಾಲು ಕೂಡಲಿಲ್ಲ, ಐದು ಸಲ ಗೆರೆ ದಾಟಿದೆ. ಆರನೇ ಸಲ ಬಾಲು ಸರಿಯಾಗಿ ಬಿತ್ತು. ಆ ಹುಡುಗ ಜರ್ಸಿ ಒಗೆದು ಕಳಿಸಿದ್ದಾನೆ, ತೋಳಿನ ಹೊಲಿಗೆಯಲ್ಲಿ ಒಂದು ದಾರ ನೇತಾಡುತ್ತಿದೆ, ಅವ್ವನ ಕತ್ತರಿ ಗೂಡಿನಲ್ಲೇ ಇದೆ, ಇನ್ನೂ ಮುಟ್ಟಿಲ್ಲ.

ಮುಂದಿನ ತಿಂಗಳು ಸಿರುಗುಪ್ಪದಲ್ಲಿ ಆಡುತ್ತೇನೆ. ಅಡ್ವಾನ್ಸ್ ಮಾತ್ರ ಬೇಡ ಅಂದಿದ್ದೇನೆ.