ಹದಿನೇಳೂವರೆ ಸಾವಿರದ ಸೈಕಲ್ಲಿಗೆ ಇಪ್ಪತ್ತೇಳು ಸಾವಿರದ ಪಟ್ಟಿ

ನನ್ನ ಸೈಕಲ್ಲಿಗೆ ಹಾಕಿಸಬೇಕೆಂದಿದ್ದ ಭಾಗಗಳ ಪಟ್ಟಿ ಇದ್ದದ್ದು ಸೈಕಲ್ ಅಂಗಡಿಯ ಹಳೆಯ ಬಿಲ್ಲೊಂದರ ಹಿಂಬದಿಯಲ್ಲಿ. ಮುಂದಿನ ಚಕ್ರವನ್ನು ಹಿಡಿದು ಹೊಡೆತಕ್ಕೆ ಕುಗ್ಗುವ, ಗಾಳಿ ತುಂಬುವ ಫೋರ್ಕ್‌ಗೆ 11,500 ರೂಪಾಯಿ, ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕ್ ಜೋಡಿಗೆ 5,000, ಹೊಸ ಹಬ್ (ಚಕ್ರದ ನಡುವಿನ ಗುಂಬ) ಹಾಕಿ ಕಟ್ಟಿದ ಹಿಂದಿನ ಚಕ್ರಕ್ಕೆ 4,000, ಒಂಬತ್ತು ಗೇರಿನ ಸೆಟ್ಟಿಗೆ 5,500, ಕೂಲಿ 1,000, ಒಟ್ಟು 27,000. ಆ ಸೈಕಲ್ಲನ್ನು 2019ರಲ್ಲಿ ನಾನು ಕೊಂಡದ್ದೇ 17,500 ರೂಪಾಯಿಗೆ. ಪಟ್ಟಿ ಬರೆದುಕೊಟ್ಟ ಮೆಕ್ಯಾನಿಕ್, "ಹಾಕಿ ಅಂದ್ರೆ ಹಾಕ್ಕೊಡ್ತೀನಿ ಸಾರ್, ಆದ್ರೆ ಫ್ರೇಮ್ ಅದೇ ಇರುತ್ತಲ್ವಾ" ಎಂದಷ್ಟೇ ಹೇಳಿ, ಸ್ಟ್ಯಾಂಡಿನ ಮೇಲಿದ್ದ ಇನ್ನೊಂದು ಚಕ್ರದ ಬೆಂಡು ತೆಗೆಯಲು ತಿರುಗಿಕೊಂಡರು. ಮನೆಯಲ್ಲಿ ಆ ಪಟ್ಟಿಯನ್ನು ನೋಡಿದ ಹೆಂಡತಿ ಕೇಳಿದ್ದೂ ಬಹುಮಟ್ಟಿಗೆ ಅದನ್ನೇ: "ಇದಕ್ಕೆ ಇನ್ನೊಂದಿಷ್ಟು ಸೇರಿಸಿದ್ರೆ ಹೊಸದೇ ಬರಲ್ವೇನ್ರೀ?"

ಈ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಐದು ತಿಂಗಳು ಹಿಡಿಯಿತು. ಅಷ್ಟು ಕಾಲ ಬೇಕಾದದ್ದಕ್ಕೆ ಕಾರಣ ಹಣವೊಂದೇ ಅಲ್ಲ. ನನ್ನ ಸೈಕಲ್ಲಿನಲ್ಲಿ ಸವೆದುಹೋದದ್ದು ಯಾವುದು, ಮೊದಲಿನಿಂದಲೂ ಕಳಪೆಯಾಗಿದ್ದದ್ದು ಯಾವುದು ಎಂಬ ವ್ಯತ್ಯಾಸವೇ ನನಗೆ ತಿಳಿದಿರಲಿಲ್ಲ.

ಮೊದಲು ಸೈಕಲ್ಲಿನ ವಿವರ ಹೇಳಿಬಿಡುತ್ತೇನೆ. 27.5 ಅಂಗುಲದ ಚಕ್ರ, ಅಲ್ಯೂಮಿನಿಯಂ ಫ್ರೇಮ್, ಮುಂದೆ ಮೂರು ಹಿಂದೆ ಏಳು ಹಲ್ಲುಚಕ್ರಗಳ 21 ಗೇರು, ಕೇಬಲ್ಲಿನಿಂದ ಎಳೆಯುವ ಡಿಸ್ಕ್ ಬ್ರೇಕ್, 80 ಮಿಲಿಮೀಟರ್ ಕುಗ್ಗುವ ಸ್ಪ್ರಿಂಗ್ ಫೋರ್ಕ್. ಊರಿಗೆ ಹೋಗುವಾಗ ಬ್ಯಾಗು ತೂಗುವ ಕೊಕ್ಕೆ ತಕ್ಕಡಿಗೆ ನೇತುಹಾಕಿ ನೋಡಿದರೆ 15.8 ಕಿಲೋ. ಬೆಂಗಳೂರಿನ ಕನಕಪುರ ರಸ್ತೆಯ ಕಡೆಯ ತುರಹಳ್ಳಿಯ ದಾರಿಗಳಲ್ಲಿ ಭಾನುವಾರ ಬೆಳಿಗ್ಗೆ ಓಡಿಸಲೆಂದು ಕೊಂಡದ್ದು. ಆ ಕಡೆ ಓಡಾಡಿದವರಿಗೆ ನೆಲದ ಗುಣ ಗೊತ್ತಿರುತ್ತದೆ: ಬೋಳು ಬಂಡೆ, ಅದರ ಅಂಚಿನಲ್ಲಿ ಸಡಿಲವಾದ ಕಲ್ಲುಮಣ್ಣು, ನಡುನಡುವೆ ಮಳೆನೀರು ಕೊರೆದ ಕೊರಕಲು.

ನನ್ನ ದೂರುಗಳು ನಾಲ್ಕಿದ್ದವು. ಏರಿನಲ್ಲಿ ಒತ್ತಿ ತುಳಿದರೆ ಚೈನು ಜಾರಿ ಕಾಲು ಗಕ್ಕನೆ ಕೆಳಗಿಳಿಯುತ್ತಿತ್ತು. ಇಳಿಜಾರು ಮುಗಿಯುವ ಹೊತ್ತಿಗೆ ಬ್ರೇಕ್ ಹಿಡಿದ ಬೆರಳುಗಳು ಸೆಟೆದುಕೊಳ್ಳುತ್ತಿದ್ದವು. ಬಂಡೆಯ ಮೆಟ್ಟಿಲಿನಿಂದ ಇಳಿದಾಗಲೆಲ್ಲ ಫೋರ್ಕ್ ತಳಕ್ಕೆ ಬಡಿದು, ಮರುಕ್ಷಣ ಅಷ್ಟೇ ವೇಗದಲ್ಲಿ ಮೇಲೆದ್ದು ಅಂಗೈಗೆ ಗುದ್ದುತ್ತಿತ್ತು. ಹಿಂದಿನ ಚಕ್ರ ಎಷ್ಟು ಸಲ ಬೆಂಡು ತೆಗೆಸಿದರೂ ಓಲಾಡುತ್ತಿತ್ತು. ಈ ನಾಲ್ಕನ್ನೂ ಒಟ್ಟುಸೇರಿಸಿ "ಸೈಕಲ್ ಸರಿಯಿಲ್ಲ" ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಚೈನಿನಿಂದಲೇ ಆರಂಭಿಸಿದೆ, ಏಕೆಂದರೆ ಅದನ್ನು ಪರೀಕ್ಷಿಸಲು ಬೇಕಾದದ್ದು ಮನೆಯಲ್ಲಿದ್ದ ಉಕ್ಕಿನ ಅಳತೆಪಟ್ಟಿ ಮಾತ್ರ. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಅಂಗುಲ. ಆದ್ದರಿಂದ ಒಂದು ಪಿನ್ನಿನ ನಡುವಿನಿಂದ, ಅದನ್ನು ಬಿಟ್ಟು ಎಣಿಸಿ, ಇಪ್ಪತ್ನಾಲ್ಕನೆಯ ಪಿನ್ನಿನ ನಡುವಿನವರೆಗೆ ಅಳೆದರೆ 12 ಅಂಗುಲ, ಅಂದರೆ 304.8 ಮಿಲಿಮೀಟರ್ ಬರಬೇಕು. ಕೆಳಗಿನ ಚೈನನ್ನು ಬಟ್ಟೆಯಿಂದ ಒರೆಸಿ, ಪೆಡಲನ್ನು ಸ್ವಲ್ಪ ಒತ್ತಿಹಿಡಿದು ಬಿಗಿಗೊಳಿಸಿ ಅಳೆದಾಗ 308 ಬಂತು. ಅರ್ಧ ಮಿಲಿಮೀಟರಿನಷ್ಟು ನನ್ನ ಕಣ್ಣಿನ ತಪ್ಪೆಂದು ಬಿಟ್ಟರೂ ಅದು ಸವೆದುಹೋದ ಚೈನೇ, ಶೇಕಡಾ 0.75ರಷ್ಟು ಉದ್ದವಾಗುವುದರೊಳಗೆ ಬದಲಿಸಬೇಕಾದದ್ದು ನನ್ನಲ್ಲಿ ಶೇಕಡಾ ಒಂದನ್ನು ದಾಟಿತ್ತು. ಚೈನು ಅಷ್ಟು ಹಿಗ್ಗಿದ ಮೇಲೆ ಹಿಂದಿನ ಹಲ್ಲುಗಳನ್ನೂ ತನ್ನ ಅಳತೆಗೇ ತೇಯ್ದಿರುತ್ತದೆಯಾದ್ದರಿಂದ ಹೊಸ ಚೈನೊಂದನ್ನೇ ಹಾಕಿದರೆ ಅದು ಹಳೆಯ ಹಲ್ಲಿನ ಮೇಲೆ ಕೂರುವುದಿಲ್ಲ. ಚೈನು, ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಎರಡನ್ನೂ ಬದಲಿಸಲು ಸಾವಿರದೊಳಗೆ ಮುಗಿಯಿತು, ಜಾರುವಿಕೆ ಅಂದೇ ನಿಂತಿತು. ಐದು ವರ್ಷದಲ್ಲಿ ಒಂದು ಸಲವೂ ಚೈನು ಬದಲಿಸದ ನಾನು ಅದಕ್ಕೆ ಪರಿಹಾರವೆಂದು 5,500 ರೂಪಾಯಿಯ ಗೇರ್ ಸೆಟ್ ಕೇಳಿದ್ದೆ.

ಆ ಗೇರ್ ಸೆಟ್ಟಿನ ಬಗ್ಗೆ ಇನ್ನೊಂದು ಲೆಕ್ಕವನ್ನೂ ಆಗಲೇ ಹಾಕಿದೆ. ಮುಂದೆ ಒಂದೇ ಹಲ್ಲುಚಕ್ರವಿರುವ ವ್ಯವಸ್ಥೆ ಈಗ ಎಲ್ಲರ ಬಾಯಲ್ಲಿದೆ, ಒಳ್ಳೆಯದೂ ಹೌದು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಮುಂದಿನ ಡಿರೇಲರ್‌ನ ಕಿರಿಕಿರಿ ತಪ್ಪುತ್ತದೆ, ಚೈನು ಕುಣಿಯುವುದು ಕಡಿಮೆಯಾಗುತ್ತದೆ. ಆದರೆ ಅದರಲ್ಲಿ ಮುಂದೆ 32 ಹಲ್ಲು, ಹಿಂದೆ ದೊಡ್ಡದು 42 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರ 0.76 ಸುತ್ತು ತಿರುಗುತ್ತದೆ. ನನ್ನ ಹಳೆಯ ಮೂರರಲ್ಲಿ ಚಿಕ್ಕದು 24, ಹಿಂದಿನ ದೊಡ್ಡದು 34. ಒಂದು ಸುತ್ತಿಗೆ 0.71. ಅಂದರೆ ಏರು ಹತ್ತುವುದಕ್ಕೆ ನನ್ನ ಅಗ್ಗದ ಸೈಕಲ್ಲಿನ ಗೇರೇ ಹೆಚ್ಚು ಹಗುರ. ಹೊಸ ಸೆಟ್ ಹಾಕಿದರೆ ನಾನು ಹತ್ತಲಾರದ ಏರನ್ನು ಹತ್ತುತ್ತೇನೆಂದುಕೊಂಡದ್ದು ಬರೀ ಆಸೆ.

ಬ್ರೇಕ್‌ನ ಸಂಗತಿಯೂ ಬಹುಮಟ್ಟಿಗೆ ಹೀಗೇ ಆಯಿತು. ಅಗ್ಗದ ಕೇಬಲ್ ಡಿಸ್ಕ್ ಬ್ರೇಕ್‌ನಲ್ಲಿ ಸಾಮಾನ್ಯವಾಗಿ ಹೊರಗಿನ ಪ್ಯಾಡ್ ಒಂದೇ ಚಲಿಸುತ್ತದೆ. ಅದು ಚಕ್ರದೊಡನೆ ತಿರುಗುವ ತಟ್ಟೆಯಾದ ರೋಟರನ್ನು ಬಾಗಿಸಿ ಒಳಗಿನ ಸ್ಥಿರವಾದ ಪ್ಯಾಡಿಗೆ ಒತ್ತುತ್ತದೆ. ಒಳಗಿನ ಪ್ಯಾಡ್ ಸವೆದು ದೂರ ಸರಿದಷ್ಟೂ ರೋಟರ್ ಹೆಚ್ಚು ಬಾಗಬೇಕು, ನಾವು ಎಳೆದ ಬಲವೆಲ್ಲ ಬಾಗಿಸುವುದರಲ್ಲೇ ವ್ಯರ್ಥವಾಗಬೇಕು. ಕಡ್ಡಿಗಳ ನಡುವೆ ಅಲೆನ್ ಕೀ ತೂರಿಸಿ ಒಳಗಿನ ಪ್ಯಾಡನ್ನು ರೋಟರಿಗೆ ಕೂದಲೆಳೆಯಷ್ಟು ಹತ್ತಿರ ತಂದು, ತುಕ್ಕು ಹಿಡಿದ ಕೇಬಲ್ಲನ್ನು ಅದರ ಹೊರಕವಚದ ಸಮೇತ ಬದಲಿಸಿದಾಗ ಲಿವರ್ ಅರ್ಧಕ್ಕೇ ಗಟ್ಟಿಯಾಗತೊಡಗಿತು. ಹೈಡ್ರಾಲಿಕ್‌ಗೆ ಇದು ಸಮವಲ್ಲ. ಉದ್ದನೆಯ ಇಳಿಜಾರಿನಲ್ಲಿ ಒಂದೇ ಬೆರಳಿನಿಂದ ಹಿಡಿತ ಸಾಧಿಸುವ ಸುಖವನ್ನು ಕೇಬಲ್ ಕೊಡಲಾರದು. ಹಾಗಿದ್ದರೆ ಅದೊಂದನ್ನಾದರೂ ಹಾಕಿಸಿಬಿಡೋಣವೆಂದು ಹೊರಟಾಗ ಹೊಸ ತೊಡಕು ಕಂಡಿತು: ನನ್ನ ಸೈಕಲ್ಲಿನಲ್ಲಿ ಬ್ರೇಕ್ ಲಿವರ್ ಮತ್ತು ಗೇರ್ ಬದಲಿಸುವ ಶಿಫ್ಟರ್ ಒಂದೇ ತುಂಡು. ಬ್ರೇಕ್ ತೆಗೆದರೆ ಶಿಫ್ಟರೂ ಹೋಗುತ್ತದೆ, ಬೇರೆ ಶಿಫ್ಟರ್ ಜೋಡಿ ಕೊಳ್ಳಬೇಕು. ಇದು ಪಟ್ಟಿಯಲ್ಲಿ ಇರಲೇ ಇಲ್ಲ.

ನಿಜವಾಗಿ ಕಳಪೆಯಾಗಿದ್ದದ್ದು ಫೋರ್ಕ್. ಅದರ ತಲೆಯ ಮೇಲಿನ ಗುಂಡಿಯನ್ನು ತಿರುಗಿಸಿದರೆ ಗಟ್ಟಿಯಾಗುತ್ತದೆಂದು ನಾನೂ ಬಹಳ ದಿನ ನಂಬಿದ್ದೆ. ಅದು ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿಡುತ್ತದೆಯೇ ಹೊರತು ಸ್ಪ್ರಿಂಗ್‌ನ ಬಿಗಿತವನ್ನು ಬದಲಿಸುವುದಿಲ್ಲ. ನನ್ನ ತೂಕ 82 ಕಿಲೋ. ಈ ತೂಕಕ್ಕೆ ಆ ಸ್ಪ್ರಿಂಗ್ ಮೆದು. ಗಾಳಿಯ ಫೋರ್ಕ್ ಆದರೆ ಸಣ್ಣ ಪಂಪಿನಿಂದ ನಮ್ಮ ತೂಕಕ್ಕೆ ತಕ್ಕಷ್ಟು ಗಾಳಿ ತುಂಬಿಕೊಳ್ಳಬಹುದು, ಎಣ್ಣೆಯ ತಡೆಯಿರುವುದರಿಂದ ಮೇಲೇಳುವ ವೇಗವನ್ನೂ ತಗ್ಗಿಸಬಹುದು. ಆದರೆ ಫೋರ್ಕ್ ಕೊಳ್ಳುವುದೆಂದರೆ ಫ್ರೇಮ್ ಒಪ್ಪುವ ಫೋರ್ಕ್ ಕೊಳ್ಳುವುದು. ನನ್ನ ಫ್ರೇಮಿನ ಹೆಡ್ ಟ್ಯೂಬ್, ಅಂದರೆ ಫೋರ್ಕ್ ತೂರುವ ಮುಂಭಾಗದ ಕೊಳವೆ, ಮೇಲಿನಿಂದ ಕೆಳಗಿನವರೆಗೂ ಒಂದೇ ಅಗಲದ್ದು, 28.6 ಮಿಲಿಮೀಟರಿನ ನೇರ ಕೊಳವೆಗೆಂದು ಮಾಡಿದ್ದು. ಈಗಿನ ಒಳ್ಳೆಯ ಫೋರ್ಕ್‌ಗಳು ಬಹುಪಾಲು ಕೆಳಗೆ ಒಂದೂವರೆ ಅಂಗುಲಕ್ಕೆ ಅಗಲವಾಗುವ ಕೊಳವೆಯವು, ಜೊತೆಗೆ 15 ಮಿಲಿಮೀಟರಿನ ದಪ್ಪ ಆಕ್ಸಲ್ (ಚಕ್ರದ ಅಚ್ಚು) ಬಯಸುವಂಥವು. ನನ್ನ ಮುಂದಿನ ಚಕ್ರಕ್ಕಿರುವುದು 9 ಮಿಲಿಮೀಟರಿನ ಹಳೆಯ ಕ್ವಿಕ್ ರಿಲೀಸ್ ಆಕ್ಸಲ್. ಎರಡಕ್ಕೂ ಹೊಂದುವ ಗಾಳಿ ಫೋರ್ಕ್ ಸಿಗದೆ ಇಲ್ಲ, ಮೆಕ್ಯಾನಿಕ್ ಬರೆದದ್ದು ಅದನ್ನೇ; ಆದರೆ ಮುಂದೆ ಹೊಸ ಸೈಕಲ್ ಕೊಂಡಾಗ ಅದು ಅಲ್ಲಿಗೆ ಬರುವುದಿಲ್ಲ, ಮಾರಲು ಹೋದರೆ ಕೊಳ್ಳುವವರು ವಿರಳ. ಹೇಗೂ ಹಾಕುವುದಾದರೆ 120 ಮಿಲಿಮೀಟರಿನದನ್ನೇ ಹಾಕೋಣವೆಂಬ ಆಸೆಯೂ ಬಂದಿತ್ತು. 80ರ ಜಾಗದಲ್ಲಿ 120 ಕೂತರೆ ಸೈಕಲ್ಲಿನ ಮೂತಿ ಮೇಲೇಳುತ್ತದೆ, ಮುಂಭಾಗದ ಕೋನ ಸುಮಾರು ಎರಡು ಡಿಗ್ರಿ ಹಿಂದಕ್ಕೆ ವಾಲುತ್ತದೆ, ಸೀಟೂ ಅದರ ಜೊತೆಗೆ ವಾಲಿ ಏರಿನಲ್ಲಿ ಮುಂದಿನ ಚಕ್ರ ನೆಲ ಬಿಡತೊಡಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಉದ್ದವಾದ ಸನ್ನೆಕೋಲಿನ ಹೊಡೆತವನ್ನೆಲ್ಲ ತಾಳಬೇಕಾದದ್ದು ಹೆಡ್ ಟ್ಯೂಬಿನ ಬೆಸುಗೆ. ಅದನ್ನು ಆ ಹೊಡೆತಕ್ಕೆಂದು ಹಾಕಿರುವುದಿಲ್ಲ.

ಹಿಂದಿನ ಚಕ್ರದ ಓಲಾಟಕ್ಕೆ ಕಾರಣ ರಿಮ್ ಅಲ್ಲ, ಬಾಗಿದ ಆಕ್ಸಲ್. ಏಳು ಗೇರಿನ ಅಗ್ಗದ ಹಬ್ಬಿನಲ್ಲಿ ಫ್ರೀವೀಲನ್ನು ಹಬ್ಬಿನ ಮೇಲೆಯೇ ತಿರುಗಿಸಿ ಕೂರಿಸಿರುತ್ತಾರೆ. ಹೀಗಾಗಿ ಬಲಗಡೆಯ ಬೇರಿಂಗ್ ಫ್ರೀವೀಲಿನ ಒಳಗಡೆಗೆ ಉಳಿದು, ಅಲ್ಲಿಂದ ಫ್ರೇಮಿನವರೆಗೆ ಆಕ್ಸಲ್ ಆಧಾರವಿಲ್ಲದೆ ಚಾಚಿಕೊಂಡಿರುತ್ತದೆ. ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಗೊಂಚಲಾದ ಕ್ಯಾಸೆಟ್ ಕೂರುವ ಫ್ರೀಹಬ್‌ನಲ್ಲಿ ಬೇರಿಂಗ್ ಹೊರ ಅಂಚಿಗೆ ಬರುವುದರಿಂದ ಈ ತೊಂದರೆ ಬಹುಮಟ್ಟಿಗೆ ಇರುವುದಿಲ್ಲ. ಊರಿನ ರಸ್ತೆಗೆ ಫ್ರೀವೀಲ್ ಹಬ್ ಸಾಕು, ಬಂಡೆಯಿಂದ ಧುಮುಕುವ 82 ಕಿಲೋದವನಿಗೆ ಸಾಲದು. ಆಕ್ಸಲ್ ಬದಲಿಸಿ, ಬಾಲ್ಸು ತೊಳೆದು ಗ್ರೀಸು ತುಂಬಿಸಿಕೊಂಡು ಬಂದೆ. ಮೂರು ತಿಂಗಳಲ್ಲಿ ಮತ್ತೆ ಬಾಗಿತು. ಗಟ್ಟಿ ಹಬ್ಬಿನ ಚಕ್ರ ಹಾಕಬೇಕೆಂದರೆ ಅದಕ್ಕೆ ಕ್ಯಾಸೆಟ್ ಬೇಕು, ಕ್ಯಾಸೆಟ್ಟಿನ ಗೇರ್ ಸಂಖ್ಯೆ ಬೇರೆಯಾದರೆ ಶಿಫ್ಟರ್ ಬೇಕು, ಅದಕ್ಕೆ ಹೊಂದುವ ಡಿರೇಲರ್ ಬೇಕು, ಚೈನು ಬೇಕು. ಇಷ್ಟೆಲ್ಲ ಮಾಡಿಸಿದ ಮೇಲೂ ಆ ಚಕ್ರದ ಹಬ್ 135 ಮಿಲಿಮೀಟರ್ ಅಗಲದ್ದು. ಈಗಿನ ಕಾಡುದಾರಿಯ ಟ್ರೇಲ್ ಸೈಕಲ್‌ಗಳ ಹಿಂಬದಿ ಬಹುಪಾಲು 148.

ಈ ನಡುವೆ ಮಾಡಿದ ಒಂದೇ ಒಂದು ಬದಲಾವಣೆ ನನ್ನನ್ನು ನಿಜಕ್ಕೂ ಬೆರಗುಗೊಳಿಸಿತು. 1.95 ಅಂಗುಲದ ನುಣುಪಾದ ಟಯರ್‌ಗಳನ್ನು ತೆಗೆದು 2.25ರ ದಪ್ಪ ಗುಬುಟಿನವನ್ನು ಹಾಕಿಸಿ, ಫ್ರೇಮಿಗೂ ಟಯರಿಗೂ ನಡುವೆ ಕಿರುಬೆರಳು ತೂರುವಷ್ಟು ಜಾಗ ಉಳಿದಿದೆಯೆಂದು ಖಚಿತಪಡಿಸಿಕೊಂಡು, 50 ಪಿಎಸ್‌ಐ ಇಡುತ್ತಿದ್ದ ಗಾಳಿಯನ್ನು 32ಕ್ಕೆ ಇಳಿಸಿದೆ. ಪಂಕ್ಚರ್ ಅಂಗಡಿಗಳಲ್ಲಿ ಹೆಬ್ಬೆರಳಿಗೆ ಕಲ್ಲಿನಂತಾಗುವವರೆಗೆ ಗಾಳಿ ಹೊಡೆಸಿ ಬೆಳೆದವರು ನಾವು. ಮೆತ್ತಗಿನ ಟಯರ್ ಕಂಡರೆ ಕೈ ತಾನಾಗಿ ಪಂಪಿನ ಕಡೆ ಹೋಗುತ್ತದೆ. ಆದರೆ ಬಂಡೆಯ ಮೇಲೆ ಆ ಮೆತ್ತನೆಯ ಟಯರ್ ಹಲ್ಲಿಯ ಹಾಗೆ ಅಂಟಿಕೊಂಡಿತು, ಸಣ್ಣಪುಟ್ಟ ಕಲ್ಲುಗಳ ಕುಲುಕಾಟವನ್ನು ಫೋರ್ಕ್‌ಗಿಂತ ಚೆನ್ನಾಗಿ ನುಂಗಿತು. ಎರಡು ಟಯರಿಗೆ 2,600 ರೂಪಾಯಿ. ಹೊಸ ಸೈಕಲ್ ಕೊಳ್ಳಬೇಕೆಂದು ಹೊರಟ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ, ಅವರಿಗೆ ಇಷ್ಟವಾಗದಿದ್ದರೂ.

ಹೀಗೆ ಒಂದೊಂದನ್ನೇ ಬಿಡಿಸಿ ನೋಡಿದಾಗ ನಾಲ್ಕು ದೂರುಗಳಲ್ಲಿ ಒಂದು ಪೂರ್ತಿ, ಇನ್ನೊಂದು ಮುಕ್ಕಾಲು ಭಾಗ ನನ್ನ ಉದಾಸೀನದ್ದೆಂದು ತಿಳಿಯಿತು. ಉಳಿದ ಎರಡು, ಫೋರ್ಕ್ ಮತ್ತು ಹಬ್, ಫ್ರೇಮಿಗೇ ಕಟ್ಟುಬಿದ್ದವು. ಇವುಗಳ ಹಿಂದೆ ಐದನೆಯದೊಂದಿತ್ತು, ಅದನ್ನು ನಾನು ದೂರೆಂದು ಗುರುತಿಸಿಯೇ ಇರಲಿಲ್ಲ. ಕಡಿದಾದ ಇಳಿಜಾರಿನಲ್ಲಿ ಹ್ಯಾಂಡಲ್ಲಿನ ಮೇಲಿನಿಂದ ಮುಂದಕ್ಕೆ ಉರುಳಿಬಿಡುತ್ತೇನೆಂದು ಅನ್ನಿಸುತ್ತಿತ್ತಲ್ಲ, ಅದನ್ನು ನನ್ನ ಪುಕ್ಕಲುತನವೆಂದೇ ಎಣಿಸಿದ್ದೆ. ಮೊಬೈಲಿನ ಕೋನ ಅಳೆಯುವ ಆ್ಯಪನ್ನು ಫೋರ್ಕ್ ಕಾಲಿಗೆ ಒತ್ತಿ ಅಳೆದರೆ ನೆಲಕ್ಕೆ ಸುಮಾರು 71 ಡಿಗ್ರಿ. ಈಚಿನ, ಮುಂದೆ ಮಾತ್ರ ಕುಗ್ಗುವ ಫೋರ್ಕ್ ಇರುವ ಟ್ರೇಲ್ ಹಾರ್ಡ್‌ಟೇಲ್‌ಗಳಲ್ಲಿ ಅದು 65ರಿಂದ 67. ಫೋರ್ಕ್ ಹೆಚ್ಚು ವಾಲಿ ಮುಂದಿನ ಚಕ್ರ ಅಷ್ಟು ದೂರ ಚಾಚಿಕೊಂಡಿದ್ದರೆ ಸವಾರ ಎರಡು ಚಕ್ರಗಳ ನಡುವೆ ಕೂತಿರುತ್ತಾನೆ, ನನ್ನದರಲ್ಲಿ ಮುಂದಿನ ಚಕ್ರದ ನೆತ್ತಿಯ ಮೇಲೆ ಕೂತಂತಿರುತ್ತಿದ್ದೆ. ಪುಕ್ಕಲುತನ ಇಲ್ಲವೆನ್ನುತ್ತಿಲ್ಲ, ಆದರೆ ಅದರ ಪಾಲು ನಾನೆಣಿಸಿದ್ದಕ್ಕಿಂತ ಕಡಿಮೆ. ಈ ಕೋನವನ್ನು ಯಾವ ಅಂಗಡಿಯಲ್ಲಿಯೂ ಬಿಡಿಭಾಗವಾಗಿ ಮಾರುವುದಿಲ್ಲ.

ಎರಡನೆಯ ಸಲ ಆಕ್ಸಲ್ ಬಾಗಿದ ವಾರ ನಿರ್ಧಾರ ಮಾಡಿದೆ. ಬಳಸಿದ ಸೈಕಲ್ಲುಗಳನ್ನು ಮೂರು ಕಡೆ ಹೋಗಿ ನೋಡಿದೆ. ಒಂದರ ಹೆಡ್ ಟ್ಯೂಬಿನ ಕೆಳಗೆ, ಬೆಸುಗೆಯ ಅಂಚಿನಲ್ಲಿ, ಬಣ್ಣ ಕೂದಲಿನಷ್ಟು ಸೀಳಿತ್ತು. ಮಾರುವವರು ಅದನ್ನು ಗೀರು ಎಂದರು. ಗೀರು ಬೆಸುಗೆಯ ಅಂಚನ್ನೇ ಹಿಡಿದು ಸುತ್ತಿಬರುವುದಿಲ್ಲವಾದ್ದರಿಂದ ನಾನು ನಮಸ್ಕಾರ ಹೇಳಿ ಬಂದೆ. ಕೊನೆಗೆ ಹೊಸದನ್ನೇ ಕೊಂಡೆ: ಗಾಳಿಯ 120 ಮಿಲಿಮೀಟರ್ ಫೋರ್ಕ್, ಹೈಡ್ರಾಲಿಕ್ ಬ್ರೇಕ್, ಮುಂದೆ ಒಂದೇ ಹಲ್ಲುಚಕ್ರ, ಹಿಂದೆ 51 ಹಲ್ಲಿನವರೆಗೆ ಹೋಗುವ ಕ್ಯಾಸೆಟ್, ದಪ್ಪ ಆಕ್ಸಲ್, 58,000 ರೂಪಾಯಿ. ಇವೇ ಭಾಗಗಳನ್ನು ಬಿಡಿಬಿಡಿಯಾಗಿ ಕೊಂಡರೆ ಫ್ರೇಮ್ ಇಲ್ಲದೆಯೇ ಹೆಚ್ಚುಕಡಿಮೆ ಅಷ್ಟಾಗುತ್ತಿತ್ತು, ಏಕೆಂದರೆ ಸಾವಿರಗಟ್ಟಲೆ ಕೊಳ್ಳುವ ಕಾರ್ಖಾನೆಗೆ ಸಿಗುವ ಬೆಲೆ ಒಂದನ್ನು ಕೊಳ್ಳುವ ನಮಗೆ ಸಿಗುವುದಿಲ್ಲ.

ಅದೇ ಬಂಡೆಯ ಮೆಟ್ಟಿಲನ್ನು ಹೊಸ ಸೈಕಲ್ಲಿನಲ್ಲಿ ಇಳಿದಾಗ ಸದ್ದೇ ಆಗಲಿಲ್ಲ. ಇಳಿದೆನೋ ಇಲ್ಲವೋ ಎಂದು ತಿರುಗಿ ನೋಡಿದೆ. ಏರಿನಲ್ಲಿ ಮಾತ್ರ ಮೊದಲಿನಷ್ಟೇ ಏದುಸಿರು. ತೂಕ 14.1 ಕಿಲೋ, ಅಂದರೆ ಕಡಿಮೆಯಾದದ್ದು ಎರಡು ಕಿಲೋಕ್ಕೂ ಒಳಗೆ, ಅಷ್ಟನ್ನು ನನ್ನ ಹೊಟ್ಟೆಯಿಂದಲೇ ಇಳಿಸಬಹುದಿತ್ತು. ದಪ್ಪ ಟಯರ್‌ಗಳು ಹೊಸದಕ್ಕೆ ಬರಲಿಲ್ಲ, ಇದರ ಚಕ್ರ 29 ಅಂಗುಲದ್ದು.

ಹಳೆಯದಕ್ಕೆ ಮಡ್‌ಗಾರ್ಡ್, ಕ್ಯಾರಿಯರ್ ಹಾಕಿಸಿದ್ದೇನೆ. ತರಕಾರಿಗೆ, ಹಾಲಿಗೆ ಅದೇ ಹೋಗುತ್ತದೆ, ಸಪಾಟು ರಸ್ತೆಯಲ್ಲಿ ಆಕ್ಸಲ್ ಬಾಗಿಲ್ಲ. ಒಂದು ವಸ್ತು ಮಾತ್ರ ಅದರಿಂದ ಇದಕ್ಕೆ ಬಂತು. ಮೊಣಕಾಲಿನ ಕೆಳಗೆ ನಾಲ್ಕು ಕಲೆ ಉಳಿಸಿದ, ಮೊಳೆಗಳಿರುವ ಚಪ್ಪಟೆ ಪೆಡಲ್ ಜೋಡಿ. ಪೆಡಲಿನ ಥ್ರೆಡ್ ಎರಡರಲ್ಲೂ ಒಂದೇ ಅಳತೆ. ಅದನ್ನು ಬಿಚ್ಚಲು ಕೂತ ಸಂಜೆ ಬಲಗಡೆಯದು ಸಲೀಸಾಗಿ ಬಂತು. ಎಡಗಡೆಯದರ ಥ್ರೆಡ್ ಉಲ್ಟಾ ಇರುತ್ತದೆಂಬುದನ್ನು ಮರೆತು, ಸ್ಪ್ಯಾನರಿನ ಮೇಲೆ ನಿಂತು, ಹತ್ತು ನಿಮಿಷ ಅದನ್ನು ಇನ್ನಷ್ಟು ಬಿಗಿ ಮಾಡಿದೆ.