ಹಿತ್ತಲ ಹಿಂದಿನ ಲೇಔಟ್: ಪಾರ್ಕ್ ಕೆಳಕ್ಕೆ ಬರಬೇಕು

ಜೂನ್ 1, ಭಾನುವಾರ

ಚಿಕ್ಕಮಗಳೂರಿನ ಅಂಚಿನಲ್ಲಿ, ಬೇಲೂರು ರಸ್ತೆಯಿಂದ ಒಳಗೆ ನಮ್ಮ ಮನೆ. ಹಿತ್ತಲ ಹಿಂದೆ ಹತ್ತು ಎಕರೆ ಲೇಔಟ್ ಆಗಲಿದೆ. ಮಾಡುವವರು ಅಕ್ಕಪಕ್ಕದವರನ್ನು ಕರೆದು ನಕ್ಷೆಯ ಕಾಪಿ ಕೊಟ್ಟರು. "ಏನಾದ್ರೂ ಇದ್ರೆ ಈ ತಿಂಗಳೊಳಗೆ ಹೇಳಿ" ಅಂದರು. ಬಹಳ ಕಡೆ ಇಷ್ಟೂ ಕೇಳುವುದಿಲ್ಲ. ಕೇಳಿದ ಮೇಲೆ ಸರಿಯಾಗಿ ನೋಡಿ ಹೇಳಬೇಕು, ಅಲ್ವಾ? ನನಗೆ ಗಿಡಮರದ ಹುಚ್ಚು. ಎದುರುಮನೆಯವರು ಗಾರೆ ಮೇಸ್ತ್ರಿ. ಇಬ್ಬರೂ ಸೇರಿ ನೋಡುವುದು ಎಂದಾಯಿತು.

ಮೇಲ್ನೋಟಕ್ಕೆ ನಕ್ಷೆ ಚೆನ್ನಾಗಿದೆ. 30x40 ಸೈಟುಗಳು, 9 ಮೀಟರ್ ರಸ್ತೆ, ಒಂದು ಎಕರೆ ಪಾರ್ಕ್. ಆದರೆ ಆ ಪಾರ್ಕ್ ಮೂರು ತುಂಡು. ದೊಡ್ಡ ತುಂಡು ಮೇಲಿನ ಮೂಲೆಯಲ್ಲಿ, ಹೈಟೆನ್ಷನ್ ಲೈನ್ ಕೆಳಗಿದೆ. ಉಳಿದ ಎರಡು ಸಣ್ಣವು ಸೈಟುಗಳ ನಡುವೆ. ಸೈಟ್ ಮಾಡಲಾಗದ ಜಾಗಕ್ಕೆ ಪಾರ್ಕ್ ಅಂತ ಹೆಸರು ಬಿದ್ದಿದೆ. ಲೈನ್ ಕೆಳಗೆ ದೊಡ್ಡ ಮರ ಬೆಳೆಸುವಂತಿಲ್ಲ.

ಜೂನ್ 8

ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲೂ ಗ್ರಾಮ ನಕ್ಷೆಯಲ್ಲೂ ನೋಡಿದೆ. ಜಮೀನಿನೊಳಗೆ ಹಳ್ಳದ ಗೆರೆ ಇಲ್ಲ, ಬಿ ಖರಾಬು (ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಇಲ್ಲ. ಕಾಗದದ ಪ್ರಕಾರ ಇಲ್ಲಿ ನೀರಿಗೆ ದಾರಿಯೇ ಇಲ್ಲ.

ನೆಲದ ಏರುತಗ್ಗು ಅಳೆಯಲು ಮೇಸ್ತ್ರಿ ನೀರು ತುಂಬಿದ ಲೆವೆಲ್ ಪೈಪ್ ತಂದರು. ಮೇಲಿನ ಮೂಲೆಯಿಂದ ಕೆಳಗಿನ ಬೇಲಿಯವರೆಗೆ ಐವತ್ತು ಅಡಿಗೊಮ್ಮೆ ಹಿಡಿದೆವು, ಹದಿನಾಲ್ಕು ಸಲ. ಒಟ್ಟು 22 ಅಡಿ ಇಳಿಜಾರು! ಪಕ್ಕದ ಹೊಲದ ಅಜ್ಜ ನಾವು ಪೈಪ್ ಹಿಡಿದು ಓಡಾಡುವುದನ್ನು ನೋಡುತ್ತಾ ನಿಂತಿದ್ದರು. "ಕೆಳಗಡೆ ನಾವ್ ಯಾವತ್ತೂ ರಾಗಿ ಹಾಕ್ಲಿಲ್ಲ ಕಣಪ್ಪ. ಅದು ಗದ್ದೆ. ಮೇಲಿಂದ ಬಂದ ನೀರೆಲ್ಲಾ ಅಲ್ಲೇ ಕೂರ್ತಿತ್ತು" ಅಂದರು.

ನಕ್ಷೆಯಲ್ಲಿ ಆ ಗದ್ದೆ 88ರಿಂದ 97ರವರೆಗಿನ ಸೈಟುಗಳು.

ಜೂನ್ 15

ಮೃಗಶಿರ ಮಳೆ ಚೆನ್ನಾಗಿ ಹಿಡಿಯಿತು. ಅಂಚು ನೆಟ್ಟಗಿರುವ ಡಬ್ಬಿಯನ್ನು ತಾರಸಿಯ ಮೇಲಿಟ್ಟಿದ್ದೆ. ಬೆಳಿಗ್ಗೆ ಸ್ಕೇಲ್ ಇಟ್ಟರೆ 40 ಮಿಲಿಮೀಟರ್. ಒಂದು ಎಕರೆ ಅಂದರೆ 4,047 ಚದರ ಮೀಟರ್. ಹತ್ತು ಎಕರೆಯ ಮೇಲೆ ಆ ಒಂದೇ ರಾತ್ರಿ ಬಿದ್ದದ್ದು ಸುಮಾರು 16 ಲಕ್ಷ ಲೀಟರ್. ಐದು ಸಾವಿರ ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ 320 ಟ್ಯಾಂಕರ್. ಈಗ ಹೊಲ ಇದೆ, ಬಹಳಷ್ಟು ಇಂಗುತ್ತದೆ. ಹಾಗಿದ್ದೂ ಗದ್ದೆಯ ಜಾಗದಲ್ಲಿ ಮೊಣಕಾಲವರೆಗೆ ನೀರಿತ್ತು. ನಾಳೆ ತಾರಸಿ, ಡಾಂಬರು, ಇಂಟರ್‌ಲಾಕ್ ಟೈಲ್ಸ್ ಬಂದರೆ? 90ನೇ ನಂಬರ್ ಕೊಳ್ಳುವವರು ಸಾಲ ಮಾಡಿ ಮನೆ ಕಟ್ಟಿರುತ್ತಾರೆ. ಅವರ ಅಡುಗೆಮನೆಗೇ ನೀರು ನುಗ್ಗುತ್ತದೆ. ಈ ಯೋಚನೆ ನನ್ನನ್ನು ಬಿಡುತ್ತಿಲ್ಲ.

ಹಾಗಾಗಿ ನಮ್ಮ ಸಲಹೆ ಹೀಗೆ. ಆ ಹತ್ತು ಸೈಟು ಸೇರಿದರೆ 12,000 ಚದರಡಿ, ಅಂದರೆ 11 ಗುಂಟೆ. ಅದನ್ನು ಪಾರ್ಕ್ ಮಾಡಿ. ಎರಡಡಿ ತಗ್ಗಿಸಿ, ಅಂಚು ಇಳಿಜಾರಾಗಿ ಬಿಟ್ಟರೂ ಆರು ಲಕ್ಷ ಲೀಟರ್ ಹತ್ತಿರ ನೀರು ಹಿಡಿಯುತ್ತದೆ. ಬೇಸಿಗೆಯಲ್ಲಿ ಮಕ್ಕಳಿಗೆ ಆಟದ ಬಯಲು. ಬದಲಿಗೆ ಆ ಎರಡು ಸಣ್ಣ ತುಂಡುಗಳನ್ನು ಸೈಟ್ ಮಾಡಿಕೊಳ್ಳಲಿ. ಎರಡೂ ಸೇರಿ ಅಷ್ಟೇ ಜಾಗ ಇದೆ. ಅವರಿಗೆ ಒಂದು ಸೈಟೂ ಕಮ್ಮಿಯಾಗುವುದಿಲ್ಲ.

ಜೂನ್ 22

ಇವತ್ತು ಲೇಔಟ್ ಮಾಡುವವರ ಗಿಡಗಳ ಪಟ್ಟಿ ಹಿಡಿದು ಕೂತೆ. ರಾಯಲ್ ಪಾಮ್, ಗುಲ್‌ಮೊಹರ್, ಬೇಲಿಗೆ ಕೊನೊಕಾರ್ಪಸ್, ಮೆಕ್ಸಿಕನ್ ಹುಲ್ಲು. ಪಾಮ್ ನೆರಳು ಕೊಡುವುದಿಲ್ಲ. ಗುಲ್‌ಮೊಹರ್ ಮಡಗಾಸ್ಕರ್‌ನ ಮರ. ಹೂವು ಬಿಟ್ಟಾಗ ಕಣ್ಣಿಗೆ ಹಬ್ಬ, ಆದರೆ ಬೇರು ಮೇಲೇ ಹರಡುತ್ತದೆ. ನಮ್ಮ ಮಳೆಗಾಳಿಗೆ ಉರುಳಿ ಬೀಳುವುದು ಜಾಸ್ತಿ. ಕೊನೊಕಾರ್ಪಸ್ ಅಂತೂ ಬೇಡವೇ ಬೇಡ. ಅದರ ಬೇರು ನೀರಿನ ಪೈಪು, ಕೇಬಲ್‌ಗಳನ್ನು ಹಾಳು ಮಾಡುತ್ತದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ನನ್ನ ಪಟ್ಟಿ ಬೇರೆ. ತಗ್ಗಿನ ಪಾರ್ಕಿಗೆ ಹೊಳೆಮತ್ತಿ, ನೇರಳೆ. ಎರಡೂ ಹಳ್ಳದ ದಂಡೆಯ ಮರಗಳು, ಬೇರಿಗೆ ನೀರು ನಿಂತರೂ ತಡೆದುಕೊಳ್ಳುತ್ತವೆ. ರಸ್ತೆ ಬದಿಗೆ ಹೊಂಗೆ, ನಡುನಡುವೆ ಸಂಪಿಗೆ. ಲೈನ್ ಕೆಳಗೆ ಪಾರಿಜಾತ, ದಾಸವಾಳ, ಕಣಗಿಲೆ. ಬೆಳಿಗ್ಗೆ ಪೂಜೆಗೆ ಹೂವೂ ಆಯಿತು. ಬದುವಿನ ಮೇಲೆ ಈಗಾಗಲೇ ಒಂದು ಹಲಸು, ಎರಡು ಅತ್ತಿ ಇವೆ. ನಕ್ಷೆಯಲ್ಲಿ ಅವುಗಳ ಗುರುತೇ ಇಲ್ಲ. ಕೆಂಪು ಪೆನ್ನಿನಲ್ಲಿ ಮೂರು ಸುತ್ತು ಬರೆದೆ. ಹಲಸಿನ ಮರ ಇರುವ ಜಾಗ ನಕ್ಷೆಯಲ್ಲಿ ರಸ್ತೆಯೊಳಗೆ ಬರುತ್ತದೆ. ಅಲ್ಲಿ ರಸ್ತೆಯನ್ನು ಎಂಟು ಅಡಿ ಸರಿಸಿದರೆ ಮರ ಉಳಿಯುತ್ತದೆ.

ಜೂನ್ 29

ಆರಿದ್ರ ಮಳೆಯಲ್ಲೇ ಲೇಔಟ್ ಮಾಡುವವರ ಇಂಜಿನಿಯರ್ ಬಂದರು. ಕಾಗದ ತೋರಿಸುವ ಮೊದಲು ಕೆಳಗಿನ ಬೇಲಿ ಹತ್ತಿರ ಕರೆದುಕೊಂಡು ಹೋದೆವು. 90ನೇ ಸೈಟಿನ ಕಲ್ಲು ನೀರಿನಲ್ಲಿ ಮುಳುಗಿತ್ತು. ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ ಲೆವೆಲ್ ಲೆಕ್ಕ ಕೇಳಿ ಬರೆದುಕೊಂಡರು. ಪಾರ್ಕ್ ಕೆಳಗೆ ತಂದು ನಕ್ಷೆ ತಿದ್ದುತ್ತೇವೆ ಎಂದಿದ್ದಾರೆ. ಕೊನೊಕಾರ್ಪಸ್ ಕೈಬಿಟ್ಟರು, ಪಾಮ್ ಮಾತ್ರ ಗೇಟಿನ ಹತ್ತಿರ ಬೇಕಂತೆ. ಇರಲಿ. ಹಲಸಿನ ಮರದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ರಸ್ತೆ ಸರಿಸಿದರೆ ಮೂರು ಸೈಟಿನ ಅಳತೆ ಬದಲಾಗುತ್ತದಂತೆ. ಮುಂದಿನ ವಾರ ನಾನೂ ಮೇಸ್ತ್ರಿಯೂ ಅಳೆದು, ಬೇರೆ ದಾರಿ ಇದೆಯಾ ನೋಡುತ್ತೇವೆ.

ಅಜ್ಜನ ಬದುವಿನಲ್ಲಿ ನೇರಳೆ ಹಣ್ಣು ಉದುರುತ್ತಿದೆ. ಬೀಜ ಒಣಗಿದರೆ ಮೊಳೆಯುವುದು ಕಷ್ಟ. ಹಾಗಾಗಿ ಇವತ್ತೇ ಆರಿಸಿ ತಂದು ಅರವತ್ತು ಕವರ್‌ಗಳಲ್ಲಿ ಹಾಕಿದ್ದೇನೆ.