ಲಿಂಡಿಸ್ಫಾರ್ನ್‌ಗೆ ಹೊರಟಿದ್ದೀರಾ? ಮೊದಲು ಉಬ್ಬರದ ಹೊತ್ತು ನೋಡಿ

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್ಫಾರ್ನ್ ದ್ವೀಪವನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಸೇರಿಬಿಡೋಣ ಅಂದುಕೊಂಡಿದ್ದೇ ನಾವು ಮಾಡಿದ ತಪ್ಪು. ನ್ಯೂಕಾಸಲ್‌ನಿಂದ ಎ1 ಹೆದ್ದಾರಿ ಹಿಡಿದು ಸಲೀಸಾಗಿ ಬಂದೆವು. ಬೀಲ್ ಎಂಬ ಹಳ್ಳಿ ದಾಟಿ ನೋಡಿದರೆ ಡಾಂಬರು ರಸ್ತೆ ನೇರ ಸಮುದ್ರದೊಳಕ್ಕೆ ಇಳಿದುಹೋಗಿದೆ! ದಿನಕ್ಕೆ ಎರಡು ಸಲ ಉಬ್ಬರ ಬಂದು ಆ ರಸ್ತೆ ಮುಳುಗುತ್ತದೆ. ಕಾರಲ್ಲೇ ಕೂತು ಪುಳಿಯೋಗರೆ ಖಾಲಿ ಮಾಡಿದೆವು, ಬೇರೇನು ಮಾಡುವುದು?

ನಾರ್ತಂಬರ್‌ಲ್ಯಾಂಡ್ ಕೌಂಟಿ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ದಾಟಲು ಸುರಕ್ಷಿತವಾದ ಸಮಯದ ಪಟ್ಟಿ ಇರುತ್ತದೆ. ಅದನ್ನು ನೋಡಿಯೇ ದಿನ ಗೊತ್ತುಮಾಡಿ. ಮ್ಯಾಪ್ ತೋರಿಸುವ ಸಮಯ ನಂಬಬೇಡಿ. ದಾರಿಯಲ್ಲಿ ಕಂಬಗಳ ಮೇಲೆ ನಿಂತ ಪುಟ್ಟ ಗೂಡೊಂದು ಸಿಗುತ್ತದೆ, ನೀರಿಗೆ ಸಿಕ್ಕಿಬಿದ್ದವರು ಹತ್ತಿ ಕೂರಲಿಕ್ಕೆ ಅದು.

ಹಳೆಯ ಕ್ರೈಸ್ತ ಮಠದ ಅವಶೇಷ ಊರೊಳಗೇ ಇದೆ, ಚಿಕ್ಕದು. ಸಂತ ಏಡನ್ 635ರಲ್ಲಿ ಇಲ್ಲಿ ಮೊದಲ ಮಠ ಕಟ್ಟಿದ. 793ರಲ್ಲಿ ವೈಕಿಂಗರು ದಾಳಿ ಮಾಡಿದರು. 875ರಲ್ಲಿ ಸನ್ಯಾಸಿಗಳು, ಹಿಂದೆ ಇಲ್ಲಿ ಬಿಷಪ್ ಆಗಿದ್ದ ಸಂತ ಕತ್‌ಬರ್ಟನ ಶವಪೆಟ್ಟಿಗೆ ಹೊತ್ತು ದ್ವೀಪ ಬಿಟ್ಟರು. ಈಗ ಕಾಣುವುದು ಅದಲ್ಲ, 12ನೇ ಶತಮಾನದಲ್ಲಿ ಡರಮ್ ನಗರದ ಬೆನೆಡಿಕ್ಟೀನ್ ಪಂಥದ ಸನ್ಯಾಸಿಗಳು ಮರಳಿ ಬಂದು ಕಟ್ಟಿದ್ದು. ಹಾಗಾಗಿ ಡರಮ್ ಕತೀಡ್ರಲ್ ಮೊದಲೇ ನೋಡಿದ್ದರೆ ಒಳ್ಳೆಯದು: ಅಲ್ಲಿನ ದಪ್ಪ ಕಂಬಗಳ ಅಂಕುಡೊಂಕು ಗೆರೆಗಳೇ ಇಲ್ಲೂ ಕಾಣುತ್ತವೆ. ಕೈಯಿಟ್ಟರೆ ಕಲ್ಲು ಮರಳುಮರಳು. ಉಪ್ಪುಗಾಳಿಗೆ ಕೆಲವೆಡೆ ಜೇನುಗೂಡಿನಂತೆ ತೂತುತೂತಾಗಿ ಸವೆದಿದೆ.

ತಲೆಯೆತ್ತಿದರೆ ಬಯಲಲ್ಲಿ ಒಂಟಿ ಕಮಾನು, ‘ಕಾಮನಬಿಲ್ಲು ಕಮಾನು’ ಅನ್ನುತ್ತಾರೆ. ಮೇಲಿದ್ದ ಗೋಪುರವೇ ಬಿದ್ದುಹೋಗಿದೆ, ಚಾವಣಿಯ ಈ ಒಂದು ಪಕ್ಕೆಲುಬು ಮಾತ್ರ ಹೇಗೋ ಉಳಿದಿದೆ. ನಾನು ಅದರಡಿ ನಿಂತಷ್ಟು ಹೊತ್ತು ಮಿಕ್ಕೆಲ್ಲೂ ನಿಲ್ಲಲಿಲ್ಲ. 1537ರಲ್ಲಿ, ಎಂಟನೇ ಹೆನ್ರಿಯ ಕಾಲದಲ್ಲಿ, ಮಠ ಮುಚ್ಚಿತು. ಇದರ ಕಲ್ಲನ್ನೇ ಕಿತ್ತು ಆಚೆ ಗುಡ್ಡದ ಮೇಲಿನ ಕೋಟೆಗೆ ಬಳಸಿದರು.

ಈ ದ್ವೀಪದ ಹೆಸರಿನಲ್ಲೇ ಪ್ರಸಿದ್ಧವಾದ ಚಿತ್ರಾಲಂಕೃತ ಗ್ರಂಥ ಲಿಂಡಿಸ್ಫಾರ್ನ್ ಸುವಾರ್ತೆಯ ಮೂಲ ಹಸ್ತಪ್ರತಿ ಇಲ್ಲಿ ಸಿಗುತ್ತದೆಂದು ಹುಡುಕಬೇಡಿ, ಅದಿರುವುದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ. ಮಠದ ಟಿಕೆಟ್, ಹಳೆಯ ಸ್ಮಾರಕಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯದು. ಚಳಿಗಾಲದಲ್ಲಿ ತೆರೆದಿರುವ ದಿನ ಕಡಿಮೆ, ಮೊದಲೇ ವಿಚಾರಿಸಿ. ಬೇಸಿಗೆಯಲ್ಲೂ ಗಾಳಿ ಕೊರೆಯುತ್ತದೆ, ಜಾಕೆಟ್ ಇರಲಿ. ಮಠಕ್ಕೆ ಒಂದು ಗಂಟೆ, ಕೋಟೆವರೆಗೆ ನಡೆಯಲು ಇನ್ನೊಂದೆರಡು ಗಂಟೆ ಇಟ್ಟುಕೊಳ್ಳಿ. ವಾಪಸು ದಾಟುವ ಸಮಯ ಮುಗಿಯಲು ಒಂದು ಗಂಟೆ ಇರುವಾಗಲೇ ಫೋನಿನಲ್ಲಿ ಅಲಾರಂ ಹೊಡೆಯಲಿ. ನಮ್ಮದು ಕೋಟೆಯ ಅರ್ಧ ದಾರಿಯಲ್ಲೇ ಹೊಡೆಯಿತು.